ಕಾರ್ಡ್ ಕಾಣದಿದ್ದಾಗ ಡ್ರೈವರ್ ಹುಡುಕುವ ಮೊದಲು

ಲಿನಕ್ಸ್ ಗಣಕಕ್ಕೆ ಹೊಸದಾಗಿ ಕೂರಿಸಿದ ಸ್ಟೋರೇಜ್ ಕಂಟ್ರೋಲರ್ ಕಾರ್ಡ್, ಅಂದರೆ ಹಲವು ಡಿಸ್ಕ್‌ಗಳನ್ನು ಜೋಡಿಸಿಕೊಡುವ ಕಾರ್ಡ್, ಕಾಣಿಸದಿದ್ದಾಗ ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ‘ಇದರ ಡ್ರೈವರ್ ಎಲ್ಲಿ ಸಿಗುತ್ತದೆ?’ ಎಂದು. ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಕಾರ್ಡ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆಗಳಲ್ಲಿ ಕಡಿಮೆ ಬೆಲೆಗೆ ದೊರೆಯುವುದರಿಂದ, ಮನೆಯಲ್ಲೋ ಸಣ್ಣ ಕಚೇರಿಯಲ್ಲೋ ಎಂಟು ಡಿಸ್ಕ್‌ಗಳ ಸಂಗ್ರಹ ಕಟ್ಟಿಕೊಳ್ಳಲು ಹೊರಟವರ ಸಂಖ್ಯೆ ಹೆಚ್ಚಿದೆ, ಅದರೊಂದಿಗೆ ಈ ಪ್ರಶ್ನೆಯೂ ಹೆಚ್ಚಿದೆ. ಡ್ರೈವರ್ ಬೇಕೋ ಬೇಡವೋ ಎಂಬುದು ಎರಡನೆಯ ಹಂತದ ವಿಚಾರ. ಕಾರ್ಡ್ ಯಾರಿಗೆ ಕಾಣುತ್ತಿಲ್ಲ, ಮದರ್‌ಬೋರ್ಡಿಗೋ, ಲಿನಕ್ಸ್‌ನ ತಿರುಳಾದ ಕರ್ನಲ್ಲಿಗೋ, ಅಥವಾ ಕಾರ್ಡ್ ಸರಿಯಾಗಿಯೇ ಇದ್ದು ಅದರ ಹಿಂದಿನ ಡಿಸ್ಕ್‌ಗಳು ಮಾತ್ರ ಕಾಣುತ್ತಿಲ್ಲವೋ ಎಂಬುದನ್ನು ತಿಳಿಯದೆ ಮಾಡುವ ಯಾವ ಕೆಲಸವೂ ಕತ್ತಲಲ್ಲಿ ತಡಕಾಡಿದಂತೆಯೇ.

ಇದನ್ನು ತಿಳಿಯಲು ಒಂದೇ ಆಜ್ಞೆ ಸಾಕು. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎನ್, ಎನ್, ಕೆ ಎಂಬ ಮೂರು ಅಕ್ಷರಗಳ ಆಯ್ಕೆಯೊಂದಿಗೆ ಕೊಟ್ಟರೆ, ಪಿಸಿಐ ಬಸ್ಸಿನಲ್ಲಿರುವ ಪ್ರತಿಯೊಂದು ಸಾಧನದ ವರ್ಗ, ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಮತ್ತು ಅದನ್ನು ಯಾವ ಡ್ರೈವರ್ ಹಿಡಿದಿದೆ ಎಂಬ ವಿವರ ತೆರೆಯ ಮೇಲೆ ಬರುತ್ತದೆ. ಗಣಕ ಚಾಲೂ ಆಗುವಾಗ ಬಯಾಸ್, ಅದರ ಬಳಿಕ ಕರ್ನಲ್, ಬಸ್ಸಿನ ಒಂದೊಂದು ಜಾಗವನ್ನೂ ಹೆಸರು ಕರೆದು ಹಾಜರಿ ತೆಗೆದುಕೊಂಡಂತೆ ಓದುತ್ತವೆ. ಉತ್ತರ ಕೊಡುವ ಕಾರ್ಡ್ ತನ್ನ ಎರಡು ಸಂಖ್ಯೆಗಳನ್ನು ಹೇಳುತ್ತದೆ. ಉತ್ತರ ಬಾರದ ಕಡೆ ಎಲ್ಲ ಬಿಟ್‌ಗಳೂ 1 ಎಂದು ಓದಿಬರುತ್ತದೆ ಮತ್ತು ಆ ಜಾಗ ಖಾಲಿಯೆಂದು ಪರಿಗಣಿತವಾಗುತ್ತದೆ. ಈ ಹಾಜರಿಗೆ ಡ್ರೈವರ್‌ನ ಅಗತ್ಯವೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಕಾರ್ಡಿನ ಸಾಲೇ ಇಲ್ಲವೆಂದಾದರೆ ಜಗತ್ತಿನ ಯಾವ ಡ್ರೈವರ್ ತಂದು ಹಾಕಿದರೂ ಪ್ರಯೋಜನವಿಲ್ಲ, ದೋಷ ಸ್ಲಾಟಿನಲ್ಲಿ, ಬಯಾಸ್‌ನಲ್ಲಿ ಅಥವಾ ಕಾರ್ಡಿನಲ್ಲೇ ಇದೆ.

ಪಟ್ಟಿಯಲ್ಲಿ ಹುಡುಕುವಾಗ ಹೆಸರಿಗಿಂತ ಸಂಖ್ಯೆಯನ್ನು ನಂಬಬೇಕು. ಎಲ್‌ಎಸ್‌ಐ ಕಂಪನಿಯ 9211-8ಐ ಎಂಬ ಪ್ರಸಿದ್ಧ ಕಾರ್ಡನ್ನೇ ತೆಗೆದುಕೊಳ್ಳೋಣ. ಅದರಲ್ಲಿರುವುದು ಸ್ಯಾಸ್2008 ಚಿಪ್, ಅದರ ಗುರುತು 1000:0072. ಈ 1000 ಎಂಬ ತಯಾರಕ ಸಂಖ್ಯೆ ಎನ್‌ಸಿಆರ್‌ನಿಂದ ಸಿಂಬಿಯಾಸ್‌ಗೆ, ಅಲ್ಲಿಂದ ಎಲ್‌ಎಸ್‌ಐಗೆ, 2014ರಲ್ಲಿ ಅವಾಗೋ ಕಂಪನಿಗೆ ಸೇರಿ, ಅವಾಗೋ 2016ರಲ್ಲಿ ಬ್ರಾಡ್‌ಕಾಮ್ ಹೆಸರನ್ನು ತಾಳಿದ ಮೇಲೂ ಬದಲಾಗದೆ ಉಳಿದಿದೆ. ಆದ್ದರಿಂದ ಒಂದು ಗಣಕದಲ್ಲಿ ಬ್ರಾಡ್‌ಕಾಮ್ ಎಂದೂ ಹಳೆಯ ಇನ್ನೊಂದರಲ್ಲಿ ಸಿಂಬಿಯಾಸ್ ಎಂದೂ ತೋರುವುದು ಒಂದೇ ಕಾರ್ಡ್ ಆಗಿರಬಹುದು. ಇದಕ್ಕೆ ಪ್ರತಿಯಾಗಿ, ಒಂದೇ ಚಿಪ್ ಎರಡು ಸಂಖ್ಯೆಗಳಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಐಬಿಎಂನ ಎಂ1015 ಮತ್ತು ಡೆಲ್‌ನ ಎಚ್310 ಕಾರ್ಡ್‌ಗಳಲ್ಲಿಯೂ ಇದೇ ಸ್ಯಾಸ್2008 ಚಿಪ್ ಇದ್ದರೂ, ಕಾರ್ಖಾನೆಯ ಫರ್ಮ್‌ವೇರ್‌ನಲ್ಲಿ (ಕಾರ್ಡಿನೊಳಗೇ ಇರುವ ತಂತ್ರಾಂಶದಲ್ಲಿ) ಅವು 1000:0073 ಎಂದು ಹೇಳಿಕೊಂಡು ಮೆಗಾರೇಡ್ ಸ್ಯಾಸ್ ಎಂಬ ಡ್ರೈವರನ್ನು ಕರೆಯುತ್ತವೆ. ಯಾರಾದರೂ ಅದಕ್ಕೆ ಡಿಸ್ಕ್‌ಗಳನ್ನು ಇದ್ದ ಹಾಗೆಯೇ ಲಿನಕ್ಸ್‌ಗೆ ಒಪ್ಪಿಸುವ ಐಟಿ ಮೋಡ್ ಫರ್ಮ್‌ವೇರ್ ಹಾಕಿದ್ದರೆ ಸಂಖ್ಯೆ 0072 ಆಗಿ, ಎಂಪಿಟಿ3ಸ್ಯಾಸ್ ಡ್ರೈವರ್‌ನ ಪಾಲಾಗುತ್ತದೆ. ಹಳೆಯ ಕಾರ್ಡ್ ಕೊಂಡವರು ಮಾರಾಟದ ಚೀಟಿಯಲ್ಲಿರುವ ಮಾದರಿ ಹೆಸರನ್ನು ನೋಡಿ ತಪ್ಪು ಡ್ರೈವರನ್ನು ಹುಡುಕುತ್ತಾ ಹೋಗುವುದು ಇಲ್ಲಿಯೇ.

ಸಾಲೇ ಇಲ್ಲದಿದ್ದರೆ ಕ್ಯಾಬಿನೆಟ್ ತೆರೆಯಬೇಕು. ಮದರ್‌ಬೋರ್ಡಿನಲ್ಲಿ ಹದಿನಾರು ಲೇನ್‌ಗಳ (ದತ್ತಾಂಶ ಸಾಗುವ ಹಾದಿಗಳ) ಉದ್ದದ ಸ್ಲಾಟ್ ಇದ್ದ ಮಾತ್ರಕ್ಕೆ ಅದರಲ್ಲಿ ಹದಿನಾರು ಲೇನ್‌ಗಳು ಇರಬೇಕೆಂದಿಲ್ಲ, ನಾಲ್ಕೇ ಇರಬಹುದು. ನಾಲ್ಕು ಲೇನ್ ಸಿಕ್ಕರೆ ಎಂಟು ಲೇನ್‌ನ ಕಾರ್ಡ್ ನಿಧಾನವಾಗಿಯಾದರೂ ಕೆಲಸ ಮಾಡುತ್ತದೆ, ಅದು ಕಾಣದಿರಲು ಕಾರಣವಾಗದು. ಕಾರಣವಾಗುವುದು ಹಂಚಿಕೆ. ಎಷ್ಟೋ ಬೋರ್ಡ್‌ಗಳಲ್ಲಿ ಕೊನೆಯ ಸ್ಲಾಟಿನ ಲೇನ್‌ಗಳೂ ಎರಡನೆಯ ಎಂ.2 ಕಿಂಡಿಯ ಲೇನ್‌ಗಳೂ ಒಂದೇ ಆಗಿದ್ದು, ಎಂ.2ಗೆ ಡಿಸ್ಕ್ ಹಾಕಿದ ಕ್ಷಣ ಆ ಸ್ಲಾಟ್ ಸತ್ತುಹೋಗುತ್ತದೆ. ಎರಡು ಪ್ರೊಸೆಸರ್‌ಗಳ ಸರ್ವರ್ ಬೋರ್ಡಿನಲ್ಲಿ ಒಂದನ್ನೇ ಹಾಕಿದ್ದರೆ, ಎರಡನೆಯದಕ್ಕೆ ಸೇರಿದ ಸ್ಲಾಟ್‌ಗಳು ಪೂರ್ತಿ ನಿರ್ಜೀವ. ಇವೆಲ್ಲ ಬೋರ್ಡಿನ ಕೈಪಿಡಿಯ ಒಂದು ಪುಟದಲ್ಲಿ, ಸಣ್ಣ ಅಕ್ಷರದ ಕೋಷ್ಟಕದಲ್ಲಿ ಇರುತ್ತವೆ. ಆ ಪುಟವನ್ನು ಓದಲು ತೆಗೆದುಕೊಳ್ಳುವ ಸಮಯ ಮುಂದಿನ ಅನೇಕ ಗಂಟೆಗಳನ್ನು ಉಳಿಸುತ್ತದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕೈಪಿಡಿಯಲ್ಲಿ ಅಡ್ಡಿಯೇನೂ ಕಾಣದಿದ್ದರೆ, ಗಣಕವನ್ನು ಆರಿಸಿ, ವಿದ್ಯುತ್ ತಂತಿಯನ್ನೂ ಕಿತ್ತು, ಕಾರ್ಡನ್ನು ತೆಗೆದು, ಅದರ ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪ್ರೊಸೆಸರ್‌ಗೆ ಹತ್ತಿರವಿರುವ ಮೊದಲ ಸ್ಲಾಟಿನಲ್ಲಿ ಕೂರಿಸಿ ನೋಡಬೇಕು. ಗ್ರಾಫಿಕ್ಸ್ ಪ್ರೊಸೆಸರ್‌ನೊಳಗೇ ಇದ್ದರೆ ಈ ಪರೀಕ್ಷೆಗೆ ಗ್ರಾಫಿಕ್ಸ್ ಕಾರ್ಡನ್ನು ತೆಗೆದಿಡಬಹುದು. ಸರ್ವರ್‌ಗಾಗಿ ಮಾಡಿದ ಕೆಲವು ಕಾರ್ಡ್‌ಗಳು ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡ್‌ಗಳೊಡನೆ ಎಸ್‌ಎಂಬಸ್ ಎಂಬ ಸಣ್ಣ ನಿರ್ವಹಣಾ ಸಂಪರ್ಕದ ಮೂಲಕ ತಿಕ್ಕಾಟಕ್ಕೆ ಬಿದ್ದು, ಕಾರ್ಡ್ ಕಾಣದಿರುವುದು ಅಥವಾ ಗಣಕವೇ ಚಾಲೂ ಆಗದಿರುವುದು ಉಂಟು. ಸ್ಯಾಸ್2008 ಆಧಾರಿತ ಕಾರ್ಡ್‌ಗಳಲ್ಲಿ ಇದು ಹೆಸರಾದ ತೊಂದರೆ. ಅದಕ್ಕೆ ಬಿ5 ಮತ್ತು ಬಿ6 ಎಂಬ ಎರಡು ಸಂಪರ್ಕ ಪಟ್ಟಿಗಳ ಮೇಲೆ ತೆಳುವಾದ ಶಾಖನಿರೋಧಕ ಟೇಪ್ ಅಂಟಿಸುವ ಉಪಾಯವಿದೆ. ಅದು ಕೆಲಸ ಮಾಡುತ್ತದೆ, ಆದರೆ ಪಕ್ಕದ ಪಟ್ಟಿ ಮುಚ್ಚಿದರೆ ಹೊಸ ದೋಷ ಹುಟ್ಟುತ್ತದೆಯಾದ್ದರಿಂದ ಉಳಿದೆಲ್ಲವನ್ನೂ ನೋಡಿದ ಮೇಲಷ್ಟೇ ಅದಕ್ಕೆ ಕೈಹಾಕುವುದು ಒಳ್ಳೆಯದು.

ಚಾಲೂ ಆಗುವಾಗ ಕಾರ್ಡಿನ ಬಯಾಸ್ ಸಂದೇಶ ತೆರೆಯ ಮೇಲೆ ಮೂಡಲಿಲ್ಲ ಎಂಬುದನ್ನು ಅನೇಕರು ಕಾರ್ಡ್ ಸತ್ತಿರುವುದಕ್ಕೆ ಸಾಕ್ಷಿಯೆಂದು ತಿಳಿಯುತ್ತಾರೆ. ಅದು ಸಾಕ್ಷಿಯಲ್ಲ. ಆ ಸಂದೇಶವನ್ನು ತೋರಿಸುವ, ಕಾರ್ಡಿನಲ್ಲಿರುವ ಹಳೆಯ ಕ್ರಮದ ಆಪ್ಶನ್ ರಾಮ್ ಅನ್ನು ಹೊಸ ಬಗೆಯ ಬಯಾಸ್ ಆದ ಯುಇಎಫ್‌ಐ ಮಾತ್ರ ಇರುವ ಬೋರ್ಡ್ ಓಡಿಸುವುದೇ ಇಲ್ಲ, ಐಟಿ ಮೋಡ್ ಕಾರ್ಡ್‌ಗಳಲ್ಲಿ ಅದನ್ನು ಬೇಕೆಂದೇ ಅಳಿಸಿರುತ್ತಾರೆ. ಆ ಕಾರ್ಡಿನ ಡಿಸ್ಕ್‌ನಿಂದಲೇ ಗಣಕವನ್ನು ಚಾಲೂ ಮಾಡಬೇಕಿದ್ದರೆ ಮಾತ್ರ ಅದರ ಅವಶ್ಯಕತೆ. ಕರ್ನಲ್ ತನ್ನ ಡ್ರೈವರ್ ಮೂಲಕ ನೇರವಾಗಿ ಕಾರ್ಡಿನೊಡನೆ ಮಾತಾಡುತ್ತದೆ.

ಇನ್ನು ಪಟ್ಟಿಯಲ್ಲಿ ಸಾಲು ಇದೆ, ಆದರೆ ಅದರ ಕೆಳಗೆ ಬಳಕೆಯಲ್ಲಿರುವ ಡ್ರೈವರ್‌ನ ಹೆಸರು ಇಲ್ಲ ಎನ್ನುವ ಸ್ಥಿತಿ. ಡ್ರೈವರ್ ಕುರಿತ ಪ್ರಶ್ನೆ ಸಲ್ಲುವುದು ಇಲ್ಲಿ. ಪ್ರತಿಯೊಂದು ಕರ್ನಲ್ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಬೇಕಾದಾಗ ಸೇರಿಸುವ ಡ್ರೈವರ್ ಕಡತ, ತಾನು ಯಾವ ಯಾವ ಸಂಖ್ಯೆಗಳ ಸಾಧನಗಳನ್ನು ಹಿಡಿಯಬಲ್ಲೆ ಎಂಬ ಪಟ್ಟಿಯನ್ನು ಹೊತ್ತಿರುತ್ತದೆ. ಕಾರ್ಡಿನ ಸಂಖ್ಯೆ ಆ ಪಟ್ಟಿಯಲ್ಲಿ ಇದ್ದರೆ ಮಾಡ್ಯೂಲ್ ತಾನಾಗಿ ಬರುತ್ತದೆ, ಇಲ್ಲದಿದ್ದರೆ ಕೈಯಾರೆ ಮಾಡ್‌ಪ್ರೋಬ್ ಆಜ್ಞೆಯಿಂದ ಕರೆದರೂ ಬಂದು ಸುಮ್ಮನೆ ಕೂರುತ್ತದೆಯೇ ಹೊರತು ಕಾರ್ಡನ್ನು ಮುಟ್ಟುವುದಿಲ್ಲ. ಇದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ಉದಾಹರಣೆ 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8. ಅದರಲ್ಲಿ ಎಂಪಿಟಿ3ಸ್ಯಾಸ್ ಮಾಡ್ಯೂಲ್ ಇದೆ, ಆದರೆ ಸ್ಯಾಸ್2008ರಂತಹ ಹಳೆಯ ಚಿಪ್‌ಗಳ ಸಂಖ್ಯೆಗಳನ್ನು ಅದರ ಪಟ್ಟಿಯಿಂದ ತೆಗೆಯಲಾಗಿದೆ. ಏಳನೆಯ ಆವೃತ್ತಿಯಲ್ಲಿ ನೆಮ್ಮದಿಯಾಗಿ ಓಡುತ್ತಿದ್ದ ಸರ್ವರನ್ನು ಎಂಟಕ್ಕೆ ಏರಿಸಿದಾಗ ಡಿಸ್ಕ್‌ಗಳೆಲ್ಲ ಮಾಯವಾಗುತ್ತವೆ, ಮಾಡ್ಯೂಲನ್ನು ಕೈಯಾರೆ ಕರೆದರೆ ಅದು ಮಾತ್ರ ಲೋಡ್ ಆದಂತೆ ತೋರುತ್ತದೆ. ಕಾರಣ ಗೊತ್ತಿಲ್ಲದವರು ಕಾರ್ಡ್ ಕೆಟ್ಟಿತೆಂದು ಹೊಸದನ್ನು ತರಿಸುತ್ತಾರೆ.

ಆದ್ದರಿಂದಲೇ, ಈ ಹಂತದಲ್ಲಿ ಏನನ್ನೂ ಬದಲಿಸುವ ಮೊದಲು ಡೆಬಿಯನ್ ಅಥವಾ ಉಬುಂಟುವಿನ ಲೈವ್ ಯುಎಸ್‌ಬಿಯಿಂದ ಗಣಕವನ್ನು ಚಾಲೂ ಮಾಡಿ ಅದೇ ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟು ನೋಡುವುದನ್ನು ನಾನು ಕಡ್ಡಾಯವೆಂದೇ ಪರಿಗಣಿಸುತ್ತೇನೆ. ಅಲ್ಲಿ ಡ್ರೈವರ್‌ನ ಹೆಸರೂ ಡಿಸ್ಕ್‌ಗಳೂ ಕಂಡರೆ ಯಂತ್ರಾಂಶವೆಲ್ಲ ಆರೋಗ್ಯವಾಗಿದೆ ಎಂದಾಯಿತು, ಕೊರತೆ ಇರುವುದು ನೀವು ಬಳಸುತ್ತಿರುವ ವಿತರಣೆಯ ಕರ್ನಲ್‌ನಲ್ಲಿ. ರೆಡ್ ಹ್ಯಾಟ್ ಬಳಗದವರಿಗೆ ಇಎಲ್‌ರೆಪೊ ಎಂಬ ಸಮುದಾಯದ ಭಂಡಾರದಲ್ಲಿ ಹಳೆಯ ಸಂಖ್ಯೆಗಳನ್ನು ಮರಳಿ ಸೇರಿಸಿದ ಮಾಡ್ಯೂಲ್ ದೊರೆಯುತ್ತದೆ. ಅನುಸ್ಥಾಪನೆಯ ಹೊತ್ತಿನಲ್ಲೇ ಡಿಸ್ಕ್ ಕಾಣದವರಿಗಾಗಿ ಡ್ರೈವರ್ ಡಿಸ್ಕ್‌ನ ರೂಪದಲ್ಲಿಯೂ ಅವರು ಕೊಡುತ್ತಾರೆ. ಆಲ್ಮಾಲಿನಕ್ಸ್ 2024ರಲ್ಲಿ ತನ್ನ 9.4 ಆವೃತ್ತಿಯಿಂದ ಇಂತಹ ಹಲವು ಹಳೆಯ ಸಾಧನಗಳ ಬೆಂಬಲವನ್ನು ಮತ್ತೆ ತೆರೆದಿದೆ. ಹೊರಗಿನ ಮಾಡ್ಯೂಲ್ ಹಾಕುವವರು, ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು. ಅದು ಇದ್ದು, ಮಾಡ್ಯೂಲ್‌ಗೆ ಸಹಿ ಹಾಕಿದವರ ಕೀಲಿಯನ್ನು ಗಣಕದಲ್ಲಿ ನೋಂದಾಯಿಸದಿದ್ದರೆ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಬೇರೊಂದು ಡ್ರೈವರ್ ಕಾರ್ಡನ್ನು ಹಿಡಿದಿಟ್ಟಿರುವ ಪ್ರಸಂಗಗಳೂ ಇವೆ. ವರ್ಚುವಲ್ ಯಂತ್ರಕ್ಕೆ ಕಾರ್ಡನ್ನು ಒಪ್ಪಿಸಲು ಹಿಂದೆ ಯಾರೋ ವಿಎಫ್‌ಐಒ ಡ್ರೈವರ್‌ಗೆ ಕಟ್ಟಿಹಾಕಿದ್ದು, ಆ ವ್ಯವಸ್ಥೆ ಮರೆತುಹೋಗಿದ್ದರೆ, ಮೂಲ ಗಣಕಕ್ಕೆ ಡಿಸ್ಕ್‌ಗಳು ಕಾಣುವುದಿಲ್ಲ. ಇಂಥವು ಮಾಡ್‌ಪ್ರೋಬ್‌ನ ಸಂರಚನಾ ಕಡತಗಳಲ್ಲಿ ಅಥವಾ ಕರ್ನಲ್‌ನ ಬೂಟ್ ಸಾಲಿನಲ್ಲಿ ಸಿಕ್ಕಿಬೀಳುತ್ತವೆ.

ಗಣಕ ಪೂರ್ತಿ ಚಾಲೂ ಆದ ಮೇಲೆ ಕೈಯಾರೆ ಮಾಡ್ಯೂಲ್ ಕರೆದರೆ ಡಿಸ್ಕ್ ಬರುತ್ತದೆ, ಆದರೆ ಚಾಲೂ ಆಗುವ ಹೊತ್ತಿನಲ್ಲಿ ಇಲ್ಲ ಎಂಬ ದೂರು ಬಂದರೆ ನಾನು ನೇರವಾಗಿ ಇನಿಟ್‌ರಾಮ್‌ಎಫ್‌ಎಸ್ ಕಡೆ ತಿರುಗುತ್ತೇನೆ. ಮೂಲ ಕಡತ ವ್ಯವಸ್ಥೆ ಸಿಗುವ ಮೊದಲು ಕರ್ನಲ್ ಬಳಸುವ ಈ ಪುಟ್ಟ ಕಟ್ಟಿನಲ್ಲಿ ಕಾರ್ಡಿನ ಮಾಡ್ಯೂಲ್ ಇರಲೇಬೇಕು. ಫೆಡೋರಾ ಮತ್ತು ರೆಡ್ ಹ್ಯಾಟ್ ಬಳಗದಲ್ಲಿ ಇದನ್ನು ಕಟ್ಟುವ ಡ್ರಾಕಟ್, ಕಟ್ಟುವ ದಿನ ಗಣಕದಲ್ಲಿದ್ದ ಯಂತ್ರಾಂಶಕ್ಕೆ ಬೇಕಾದ ಮಾಡ್ಯೂಲ್‌ಗಳನ್ನು ಮಾತ್ರ ಸೇರಿಸುತ್ತದೆ. ಆದ್ದರಿಂದ ಮೂಲ ಡಿಸ್ಕನ್ನು ಬೋರ್ಡಿನ ಸಾಟಾ ಕಿಂಡಿಯಿಂದ ಹೊಸ ಕಾರ್ಡಿಗೆ ಸರಿಸಿದ ಕೂಡಲೇ ಗಣಕ ತುರ್ತು ಶೆಲ್‌ಗೆ ಬಂದು ನಿಲ್ಲುವುದು ಸಹಜ. ಬೂಟ್ ಪಟ್ಟಿಯಲ್ಲಿರುವ ರೆಸ್ಕ್ಯೂ ಸಾಲಿನಲ್ಲಿ ಎಲ್ಲ ಮಾಡ್ಯೂಲ್‌ಗಳೂ ಇರುವುದರಿಂದ ಅದರ ಮೂಲಕ ಒಳಹೊಕ್ಕು, ಡ್ರಾಕಟ್ ಅನ್ನು ಫೋರ್ಸ್ ಆಯ್ಕೆಯೊಂದಿಗೆ ಮತ್ತೆ ಓಡಿಸಿದರೆ ಸಮಸ್ಯೆ ಮುಗಿಯುತ್ತದೆ. ಡೆಬಿಯನ್ ತನ್ನ ಸ್ವಂತ ರೂಢಿಯಲ್ಲಿ ಹೆಚ್ಚಿನ ಮಾಡ್ಯೂಲ್‌ಗಳನ್ನು ಸೇರಿಸಿಯೇ ಕಟ್ಟುವುದರಿಂದ ಅಲ್ಲಿ ಈ ತೊಂದರೆ ವಿರಳ.

ಡ್ರೈವರ್ ಕೂಡಿಕೊಂಡಿದೆ, ಕರ್ನಲ್‌ನ ಸಂದೇಶಗಳಿರುವ ಡಿಮೆಸೇಜ್ ದಾಖಲೆಯಲ್ಲಿ ಚಿಪ್‌ನ ಹೆಸರೂ ಫರ್ಮ್‌ವೇರ್‌ನ ಆವೃತ್ತಿಯೂ ಬಂದಿದೆ, ಆದರೂ ಡಿಸ್ಕ್ ಒಂದೂ ಇಲ್ಲ ಎಂದಾಗ ಕಾರ್ಡನ್ನು ದೂರುವುದನ್ನು ನಿಲ್ಲಿಸಬೇಕು. ಇಲ್ಲಿ ಅತಿ ಹೆಚ್ಚು ಸಲ ಕಂಡುಬರುವ ಅಪರಾಧಿ ಕೇಬಲ್. ಎಸ್‌ಎಫ್‌ಎಫ್-8087 ತುದಿಯಿಂದ ನಾಲ್ಕು ಸಾಟಾ ತುದಿಗಳಿಗೆ ಕವಲೊಡೆಯುವ ಕೇಬಲ್‌ಗಳಲ್ಲಿ ಎರಡು ಬಗೆಗಳಿವೆ: ಕಾರ್ಡಿನಿಂದ ಡಿಸ್ಕ್‌ಗಳಿಗೆ ಹೋಗುವ ಫಾರ್ವರ್ಡ್, ಬೋರ್ಡಿನ ನಾಲ್ಕು ಸಾಟಾ ಕಿಂಡಿಗಳಿಂದ ಬ್ಯಾಕ್‌ಪ್ಲೇನ್‌ಗೆ (ಡಿಸ್ಕ್‌ಗಳು ಕೂರುವ ಫಲಕಕ್ಕೆ) ಹೋಗುವ ರಿವರ್ಸ್. ಎರಡೂ ಕಣ್ಣಿಗೆ ಒಂದೇ ಬಗೆ, ಎರಡೂ ಸಲೀಸಾಗಿ ಕೂರುತ್ತವೆ, ಆದರೆ ಒಳಗಿನ ತಂತಿಗಳ ಜೋಡಣೆ ಬೇರೆಯಾದ್ದರಿಂದ ತಪ್ಪು ಬಗೆಯದರಲ್ಲಿ ಒಂದು ಡಿಸ್ಕೂ ಕಾಣುವುದಿಲ್ಲ. ದೊಡ್ಡ ಸಂಗ್ರಹಾಗಾರಗಳಿಂದ ಹೊರಬಂದ ಹಳೆಯ ಸ್ಯಾಸ್ (ಸರ್ವರ್ ಬಗೆಯ) ಡಿಸ್ಕ್‌ಗಳಲ್ಲಿ ಮತ್ತೊಂದು ಸಂಗತಿ ಇದೆ. ಅವುಗಳಲ್ಲಿ ಕೆಲವನ್ನು 512ರ ಬದಲು 520 ಬೈಟ್‌ಗಳ ಸೆಕ್ಟರ್‌ಗೆ ಫಾರ್ಮ್ಯಾಟ್ ಮಾಡಿರುತ್ತಾರೆ, ಆಗ ಸೆಕ್ಟರ್‌ನ ಗಾತ್ರಕ್ಕೆ ಬೆಂಬಲವಿಲ್ಲವೆಂದು ಕರ್ನಲ್ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆಯುತ್ತದೆ. ಎಸ್‌ಜಿ ಫಾರ್ಮ್ಯಾಟ್ ಎಂಬ ಉಪಕರಣದಿಂದ ಅದನ್ನು ಸರಿಪಡಿಸಬಹುದಾದರೂ ಡಿಸ್ಕ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವ ರೇಡ್ ಫರ್ಮ್‌ವೇರ್ ಇರುವ ಕಾರ್ಡ್‌ಗಳು ಸಾಮಾನ್ಯವಾಗಿ ಬಿಡಿ ಡಿಸ್ಕ್‌ಗಳನ್ನು ಲಿನಕ್ಸ್‌ಗೆ ತೋರಿಸುವುದಿಲ್ಲ, ತಮ್ಮಲ್ಲಿ ರಚಿಸಿದ ವರ್ಚುವಲ್ ಡ್ರೈವ್‌ಗಳನ್ನಷ್ಟೇ ತೋರಿಸುತ್ತವೆ. ಮೆಗಾರೇಡ್ ಕಾರ್ಡುಗಳಿಗೆ ಸ್ಟೋರ್‌ಸಿಎಲ್‌ಐ ಉಪಕರಣದಿಂದ ಒಳಗಿನ ಸ್ಥಿತಿಯನ್ನು ನೋಡಬಹುದು. ಬೇರೆ ಕಾರ್ಡಿನಿಂದ ಬಂದ ಡಿಸ್ಕ್‌ಗಳನ್ನು ಅದು ಫಾರಿನ್ ಎಂದು ಗುರುತಿಸಿದಾಗ, ಆ ಸಂರಚನೆಯನ್ನು ಆಮದು ಮಾಡಿಕೊಳ್ಳುವ ಮತ್ತು ಅಳಿಸುವ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ದತ್ತಾಂಶ ಬೇಕಾಗಿದ್ದರೆ ಎರಡನೆಯದನ್ನು ಯಾವ ಕಾರಣಕ್ಕೂ ಒತ್ತಬೇಡಿ, ಇನಿಶಿಯಲೈಸ್ ಎಂಬುದನ್ನಂತೂ ಮುಟ್ಟಲೇಬೇಡಿ. ಕಾಣದ ಡಿಸ್ಕನ್ನು ಕಾಣಿಸುವ ಆತುರದಲ್ಲಿ ವರ್ಷಗಳ ಲೆಕ್ಕಪತ್ರ, ಮನೆಯವರ ಚಿತ್ರಗಳು ಹೋಗಿಬಿಡುವುದು ಇಲ್ಲಿಯೇ, ಮತ್ತು ಹೋದ ಮೇಲೆ ಅದನ್ನು ಮರಳಿ ತರುವ ಆಜ್ಞೆ ಯಾವುದೂ ಇಲ್ಲ.

ಬೆಳಿಗ್ಗೆ ಸರಿಯಿದ್ದು ಕೆಲವು ಗಂಟೆಗಳ ನಂತರ ಕಾಣೆಯಾಗುವ ಕಾರ್ಡ್‌ನ ವಿಚಾರ ಬೇರೆ. ಸರ್ವರ್ ಕಾರ್ಡ್‌ಗಳ ಶಾಖಹಾರಕ ಚಿಕ್ಕದು, ಏಕೆಂದರೆ ಸರ್ವರ್‌ನ ಫ್ಯಾನ್‌ಗಳು ಸದಾ ಬಿರುಸಾಗಿ ಗಾಳಿ ತಳ್ಳುತ್ತವೆ ಎಂಬ ಲೆಕ್ಕದ ಮೇಲೆ ಅದನ್ನು ಮಾಡಿರುತ್ತಾರೆ. ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನಲ್ಲಿ ಆ ಗಾಳಿ ಇಲ್ಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಕೋಣೆಯ ಗಾಳಿಯೂ ಬಿಸಿ. ಚಾಲೂ ಇರುವಾಗಲೇ ಕಾರ್ಡ್ ಬಸ್ಸಿನಿಂದ ಕಳಚಿಕೊಂಡರೆ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಅದರ ಪರಿಷ್ಕರಣ ಸಂಖ್ಯೆ ಎಫ್‌ಎಫ್ ಎಂದು ಬರುತ್ತದೆ, ಅಂದರೆ ಕೇಳಿದ್ದಕ್ಕೆಲ್ಲ ಒಂದುಗಳೇ ಓದಿಬರುತ್ತಿವೆ ಎಂದರ್ಥ. ಶಾಖಹಾರಕದ ಮೇಲೆ 40 ಮಿಲಿಮೀಟರ್‌ನ ಸಣ್ಣ ಫ್ಯಾನ್ ಕೂರಿಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಇಂತಹ ಕಾರ್ಡ್‌ಗಳಲ್ಲಿ ಬಹುಪಾಲು ಮತ್ತೆ ನೆಟ್ಟಗಾಗುತ್ತವೆ.

ಎರಡು ಬೇರೆ ಬೇರೆ ಗಣಕಗಳಲ್ಲಿ, ಚೆನ್ನಾಗಿ ಕೆಲಸ ಮಾಡುವುದೆಂದು ಗೊತ್ತಿರುವ ಸ್ಲಾಟ್‌ಗಳಲ್ಲಿಯೂ ಕಾರ್ಡ್ ಪಟ್ಟಿಗೆ ಬಾರದಿದ್ದರೆ ಅದನ್ನು ಸತ್ತ ಕಾರ್ಡ್ ಎಂದೇ ತೀರ್ಮಾನಿಸುತ್ತೇನೆ. ಡಿಸ್ಕ್‌ಗಳಲ್ಲಿರುವ ದತ್ತಾಂಶದ ಗತಿ ಆಗ ಕಾರ್ಡ್ ಯಾವ ಮೋಡ್‌ನಲ್ಲಿತ್ತು ಎಂಬುದನ್ನು ಅವಲಂಬಿಸುತ್ತದೆ. ಐಟಿ ಮೋಡ್‌ನಲ್ಲಿದ್ದು, ಲಿನಕ್ಸ್‌ನಲ್ಲೇ ಓಡುವ ಎಂಡಿಎಡಿಎಂ ಅಥವಾ ಝಡ್‌ಎಫ್‌ಎಸ್ ತಂತ್ರಾಂಶದಿಂದ ಸಂಗ್ರಹ ಕಟ್ಟಿದ್ದರೆ, ಅದರ ಜೋಡಣೆಯ ವಿವರ ಡಿಸ್ಕ್‌ಗಳ ಮೇಲೆಯೇ ಬರೆದಿರುತ್ತದೆ. ಸಾಟಾ ಡಿಸ್ಕ್‌ಗಳನ್ನು ನೇರವಾಗಿ ಬೋರ್ಡಿನ ಕಿಂಡಿಗಳಿಗೆ ಯಾವ ಕ್ರಮದಲ್ಲಿ ಜೋಡಿಸಿದರೂ ಲಿನಕ್ಸ್ ಅವುಗಳನ್ನು ಗುರುತಿಸಿ ಒಗ್ಗೂಡಿಸುತ್ತದೆ. ರೇಡ್ ಫರ್ಮ್‌ವೇರ್‌ನಲ್ಲಿ ಕಟ್ಟಿದ ಸಂಗ್ರಹವಾದರೆ ಅದೇ ಕುಟುಂಬದ ಇನ್ನೊಂದು ಕಾರ್ಡನ್ನು ಹುಡುಕಿ ತರುವವರೆಗೆ ಡಿಸ್ಕ್‌ಗಳ ಮೇಲೆ ಅವು ಇದ್ದ ಕಿಂಡಿಯ ಸಂಖ್ಯೆಯನ್ನು ಬರೆದು, ಬೇರೆ ಯಾವ ಗಣಕಕ್ಕೂ ಜೋಡಿಸದೆ ತೆಗೆದಿಡಬೇಕು.