ಇಂಗ್ಲಿಷಿನ ‘ಟೈಮ್’ ಒಂದು, ರೊಮೇನಿಯನ್‌ನಲ್ಲಿ ಆರು

ನಿಘಂಟಿನಲ್ಲಿ ‘ಟೈಮ್’ ಹುಡುಕಿದರೆ ರೊಮೇನಿಯನ್ ಪದಗಳು ಸಾಲಾಗಿ ಸಿಗುತ್ತವೆ: ತಿಂಪ್, ವ್ರೆಮೆ, ಓರ, ಚ್ಯಾಸ್, ದಾತ, ಒವಾರ. ಇಂಗ್ಲಿಷಿನಿಂದ ಹೊರಟರೆ ಎಲ್ಲಿ ಯಾವುದೆಂದು ಗೊತ್ತಾಗುವುದಿಲ್ಲ. ಕನ್ನಡದಿಂದ ಹೊರಡಿ. ಸಮಯ, ಕಾಲ, ಗಂಟೆ, ಸಲ ಎಂದು ನಾವು ಮೊದಲೇ ಬೇರೆ ಮಾಡಿಕೊಂಡಿದ್ದೇವೆ; ರೊಮೇನಿಯನ್ ಕೂಡ ಹೆಚ್ಚುಕಡಿಮೆ ಅಲ್ಲೇ ಗೆರೆ ಎಳೆಯುತ್ತದೆ.

ಬರವಣಿಗೆಯ ಬಗ್ಗೆ ಒಂದು ಮಾತು. ರೋಮನ್ ಲಿಪಿಯ ‘ಎ’ (a) ಅಕ್ಷರದ ಮೇಲೆ ಬಟ್ಟಲಿನಾಕಾರದ ಗುರುತಿದ್ದರೆ ಹ್ರಸ್ವ ‘ಅ’, ಇಲ್ಲದಿದ್ದರೆ ‘ಆ’ ಎಂದು ಬರೆದಿದ್ದೇನೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ತಿಂಪ್, ವ್ರೆಮೆ

‘ನನಗೆ ಸಮಯವಿಲ್ಲ’: ನು ಆಮ್ ತಿಂಪ್. ಸಮಯಕ್ಕೆ ಸರಿಯಾಗಿ: ಲಾ ತಿಂಪ್. ಇದು ಲ್ಯಾಟಿನ್ ಮೂಲದ ಪದ. ವ್ರೆಮೆ ಸ್ಲಾವಿಕ್ ಮೂಲದ್ದು. ಅದಕ್ಕೆ ಕಾಲ, ಹವಾಮಾನ ಎರಡೂ ಅರ್ಥ. ‘ಕುಮ್ ಯೆ ವ್ರೆಮೆಯಾ?’ ಎಂದರೆ ಹವೆ ಹೇಗಿದೆ? ‘ಪೆ ವ್ರೆಮೆಯಾ ಆಚೆಯಾ’ ಎಂದರೆ ಆ ಕಾಲದಲ್ಲಿ. ಆದರೆ ವ್ಯಾಕರಣದ ವರ್ತಮಾನ ಕಾಲ, ಭೂತಕಾಲಕ್ಕೆ ತಿಂಪ್ ಬೇಕು, ವ್ರೆಮೆ ಸಲ್ಲದು. ‘ಹೊರಡುವ ಹೊತ್ತಾಯಿತು’ ಎನ್ನಲು ಎರಡೂ ನಡೆಯುತ್ತವೆ.

ಕನ್ನಡಿಗರಿಗೆ ಇಲ್ಲೊಂದು ಲಾಭವಿದೆ. ‘ಎರಡು ವರ್ಷದಿಂದ ಇಲ್ಲಿದ್ದೇನೆ’ ಎನ್ನಲು ಇಂಗ್ಲಿಷಿನಲ್ಲಿ ಕ್ರಿಯಾಪದದ ರೂಪವನ್ನೇ ಬದಲಿಸಬೇಕು. ರೊಮೇನಿಯನ್‌ನಲ್ಲಿ ನಮ್ಮಂತೆ ವರ್ತಮಾನವೇ ಸಾಕು: ಸುಂತ್ ಆಯಿಚ್ ದೆ ದೊಯ್ ಆನ್. ಆ ‘ದೆ’ ನಮ್ಮ ‘ಇಂದ’ದ ಕೆಲಸ ಮಾಡುತ್ತದೆ.

ಓರ, ಚ್ಯಾಸ್

ಚ್ಯಾಸ್ ಎಂದರೆ ಗಡಿಯಾರ, ಓರ ಎಂದರೆ ಗಂಟೆ. ‘ಗಂಟೆ ಎಷ್ಟು?’ ಎಂದು ಕೇಳುವಾಗ ಗಡಿಯಾರದ ಪದವೇ ಬರುತ್ತದೆ: ಕಿತ್ ಯೆ ಚ್ಯಾಸುಲ್? ಓರ ಸ್ತ್ರೀಲಿಂಗ, ಹಾಗಾಗಿ ಎರಡು ಗಂಟೆಗೆ ‘ಓರಾ ದೊವ’, ಪುಲ್ಲಿಂಗದ ‘ದೊಯ್’ ತಪ್ಪು. ಒಂದು ಗಂಟೆ ಮಾತ್ರ ಈ ನಿಯಮಕ್ಕೆ ಹೊರಗು: ಓರಾ ಊನು.

ದಾತ, ಒವಾರ, ಓರ್: ಎಲ್ಲರೂ ಎಡವುವುದು ಇಲ್ಲೇ

‘ಸಲ’ ಎಂಬ ಅರ್ಥದ ಪದಗಳಿವು. ಎಣಿಸುವಾಗ ಒಂದು ಸಲಕ್ಕೆ ಒಂದು ಪದ, ಎರಡರಿಂದ ಮುಂದಕ್ಕೆ ಇನ್ನೊಂದು. ಒಂದು ಸಲ: ಒ ದಾತ. ಎರಡು ಸಲ: ದೆ ದೊವ ಓರ್. ಮೂರು ಸಲ: ದೆ ತ್ರೆಯ್ ಓರ್. ಒಂದಕ್ಕೆ ಮುಂದೆ ‘ದೆ’ ಇಲ್ಲ, ಎರಡರಿಂದ ಇದೆ. ‘ಓರ್’ ಎಂಬುದು ಒವಾರದ ಬಹುವಚನ, ಕೊನೆಯಲ್ಲಿ ‘ಯ್’ನ ಸಣ್ಣ ಛಾಯೆಯೊಂದಿಗೆ ಉಚ್ಚರಿಸಬೇಕು. ಗಂಟೆಯ ‘ಓರ’ಕ್ಕೆ ಬಹುವಚನ ‘ಓರೆ’. ದೊವ ಓರೆ ಎರಡು ಗಂಟೆಗಳು, ದೆ ದೊವ ಓರ್ ಎರಡು ಸಲ. ಕೊನೆಯ ಸ್ವರ ನುಂಗಿದರೆ ಅರ್ಥ ಪಲ್ಟಿ.

20 ಬಂದ ಕೂಡಲೇ ಇನ್ನೊಂದು ‘ದೆ’ ಸೇರುತ್ತದೆ: ದೆ ದೊವಜ಼ೆಚ್ ದೆ ಓರ್. ಮೊದಲ ‘ದೆ’ ಸಲ ಎಣಿಸುವುದಕ್ಕೆ, ಎರಡನೆಯದು ಸಂಖ್ಯೆಯನ್ನು ನಾಮಪದಕ್ಕೆ ಜೋಡಿಸುವುದಕ್ಕೆ. ಈ ಜೋಡಣೆ ರೊಮೇನಿಯನ್‌ನ ಎಲ್ಲ ಎಣಿಕೆಗೂ ಅನ್ವಯಿಸುತ್ತದೆ, ಸಲಕ್ಕೆ ಮಾತ್ರವಲ್ಲ. ಸಂಖ್ಯೆಯ ಕೊನೆಯ ಎರಡು ಅಂಕಿ ನೋಡಿ: 01ರಿಂದ 19 ಆದರೆ ಎರಡನೆಯ ‘ದೆ’ ಬೇಡ, 20ರಿಂದ 99 ಅಥವಾ 00 ಆದರೆ ಬೇಕು. ಅಂದರೆ 100 ಸಲಕ್ಕೆ ಬೇಕು, 105 ಸಲಕ್ಕೆ ಬೇಡ, 120ಕ್ಕೆ ಮತ್ತೆ ಬೇಕು.

‘ನೆಯ ಸಲ’ ಎನ್ನುವಾಗ ಏಕವಚನ ಹಿಂದಿರುಗುತ್ತದೆ. ಮೊದಲ ಸಲಕ್ಕೆ ‘ಪ್ರೀಮಾ ದಾತ’, ‘ಪ್ರೀಮಾ ಒವಾರ’ ಎರಡೂ ಸರಿ. ಎರಡನೆಯ ಸಲ: ಆ ದೊವಾ ಒವಾರ. ಹ್ರಸ್ವ ‘ಅ’ ಕೆಲಸಕ್ಕೆ ಬರುವುದು ಈಗ. ವಿಶೇಷಣ ಮುಂದೆ ಬಂದರೆ ನಾಮಪದ ಬರಿದಾಗಿರುತ್ತದೆ: ಪ್ರೀಮಾ ದಾತ, ದೆ ಫಿಯೆಕಾರೆ ದಾತ (ಪ್ರತಿ ಸಲ). ವಿಶೇಷಣ ಹಿಂದೆ ಸರಿದರೆ ನಾಮಪದದ ಬಾಲಕ್ಕೆ ನಿರ್ದಿಷ್ಟತೆಯ ಪ್ರತ್ಯಯ ಅಂಟಿಕೊಂಡು ದಾತ ‘ದಾತಾ’ ಆಗುತ್ತದೆ: ದಾತಾ ವಿಯಿತ್ವಾರೆ (ಮುಂದಿನ ಸಲ), ದೆ ದಾತಾ ಆಸ್ತಾ (ಈ ಸಲ). ‘ಮುಂದಿನ ಸಲ’ ಎಂಬ ಕನ್ನಡದ ಪದಕ್ರಮ ಹಿಡಿದು ವಿಶೇಷಣವನ್ನು ಮುಂದಿಟ್ಟರೆ ತಪ್ಪಾಗುವುದು ಅದಕ್ಕೇ.

ಬರೆಯುವಾಗ ಇನ್ನೊಂದು ಎಚ್ಚರ: ಬಿಡಿಸಿ ಬರೆದ ‘ಒ ದಾತ’ ಒಂದು ಸಲ; ಕೂಡಿಸಿ ಬರೆದ ‘ಒದಾತ’ ಹಿಂದೊಮ್ಮೆ ಅಥವಾ ಮುಂದೆಂದಾದರೂ. ಅಲ್ಲಿನ ಅಜ್ಜಿಕತೆಗಳು ಶುರುವಾಗುವುದು ‘ಆ ಫೋಸ್ತ್ ಒದಾತ ಕಾ ನಿಚೊದಾತ’ ಎಂದು, ನಮ್ಮ ‘ಒಂದಾನೊಂದು ಕಾಲದಲ್ಲಿ’ ಇದ್ದಂತೆ. ಅದನ್ನು ಬಾಯಿಪಾಠ ಮಾಡಿಕೊಂಡರೆ ಕೂಡಿಸಿ ಬರೆಯುವ ರೂಪ ಮರೆಯುವುದಿಲ್ಲ.

ಮಗ್ಗಿಯಲ್ಲಿ ಮಾತ್ರ ‘ದೆ’ ಬಿಟ್ಟುಹೋಗುತ್ತದೆ, ಪುಲ್ಲಿಂಗವೂ ಬರುತ್ತದೆ. ಎರಡು ಮೂರ್ಲಿ ಆರು: ದೊಯ್ ಓರ್ ತ್ರೆಯ್ ಫಾಕ್ ಶಾಸೆ. ಇದೇ ‘ಓರ್’ ಎಂಬುದಕ್ಕೆ ‘ಅಥವಾ’ ಎಂಬ ಅರ್ಥವೂ ಇದೆ. ಎರಡು ಸಂಖ್ಯೆಗಳ ನಡುವೆ ಕೇಳಿಸಿದರೆ ಮುಂದೆ ‘ಫಾಕ್’ ಬರುತ್ತದೆಯೇ ನೋಡಿ, ಬಂದರೆ ಗುಣಾಕಾರ.