ಸಕ್ಕರ್ ತಂದು ಬಿಟ್ಟರೆ ಪಾಚಿ ಹೋಗುತ್ತಾ?

ಮೀನಿನ ಅಂಗಡಿಯಲ್ಲಿ ‘ಅಕ್ವೇರಿಯಂ ಗಾಜಿನ ತುಂಬ ಪಾಚಿ’ ಅಂದರೆ ಸಾಕು, ಒಂದು ಸಕ್ಕರ್ ಮೀನಿನ ಮರಿಯನ್ನು ಕವರ್‌ಗೆ ಹಾಕಿ ಕೈಗೆ ಕೊಡುತ್ತಾರೆ. ಆಗ ಬೆರಳುದ್ದ ಇರುತ್ತದೆ. ಮುಂದೆ ಒಂದು ಅಡಿ ದಾಟುತ್ತದೆ ಅಂತ ಯಾರೂ ಹೇಳುವುದಿಲ್ಲ. ದೊಡ್ಡದಾದ ಮೇಲೆ ಗಿಡಗಳನ್ನು ಬುಡಸಮೇತ ಎಬ್ಬಿಸುತ್ತದೆ, ಬೇಸತ್ತವರು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಆಂಧ್ರದ ಕೆರೆಗಳಲ್ಲೂ ಗಂಗೆಯಲ್ಲೂ ಬಲೆಗೆ ಬೀಳುತ್ತಿರುವುದು ಅಕ್ವೇರಿಯಂ ವ್ಯಾಪಾರದ ದೆಸೆಯಿಂದಲೇ. ದಯವಿಟ್ಟು ಕೆರೆಗೆ ಬಿಡಬೇಡಿ.

ತೊಟ್ಟಿಯ ತಳದಲ್ಲಿ ಹಸಿರು ಹಾಸು ಬೇಕು ಅನ್ನುವವರಿಗೆ ನನ್ನದೊಂದೇ ಮಾತು: ಮೊದಲು ಗಿಡ ಬೇರು ಹಿಡಿಯಲಿ, ಮೀನು ಆಮೇಲೆ ಬರಲಿ. ಹೊಸ ತೊಟ್ಟಿಯ ನೀರಲ್ಲಿ ಅಮೋನಿಯ ಇರುತ್ತದೆ. ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯ ನೆಲೆಯೂರಲು ಮೂರ್ನಾಲ್ಕು ವಾರವಾದರೂ ಬೇಕು, ಅಷ್ಟರಲ್ಲಿ ಮೀನು ಬಿಟ್ಟರೆ ಸಾಯುವ ಸಾಧ್ಯತೆಯೇ ಜಾಸ್ತಿ.

ಹೀಗೆ ತಳದಲ್ಲಿ ಹಾಸಿನಂತೆ ಹಬ್ಬುವ ಕಾರ್ಪೆಟ್ ಗಿಡಗಳ ಕಷ್ಟ ಏನಪ್ಪಾ ಅಂದರೆ ಅವು ಇರುವ ಜಾಗ. ಬೆಳಕು ಮೇಲಿಂದ ಬರುತ್ತದೆ, ತಳಕ್ಕೆ ಮುಟ್ಟುವಾಗ ಸೊರಗಿರುತ್ತದೆ. ಬೆಳಕು ಸಾಲದಿದ್ದರೆ ಗಿಡ ಅಡ್ಡಕ್ಕೆ ಹಬ್ಬುವ ಬದಲು ಮೇಲಕ್ಕೆ ಚಾಚುತ್ತದೆ. ಸರಿ ಅಂತ ಲೈಟ್ ಜಾಸ್ತಿ ಮಾಡಿದರೆ ಇಂಗಾಲದ ಡೈಆಕ್ಸೈಡ್ ಸಾಲುವುದಿಲ್ಲ, ಯಾಕೆಂದರೆ ಅದು ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಗಿಡ ಬಳಸದೆ ಉಳಿಸಿದ ಬೆಳಕು ಪಾಚಿಯ ಪಾಲು. ಲೈಟನ್ನು ದಿನಕ್ಕೆ ಆರೇಳು ಗಂಟೆಗೆ ನಿಲ್ಲಿಸಿದರೆ ಅರ್ಧ ತಲೆನೋವು ಕಮ್ಮಿ.

ಇದಕ್ಕೊಂದು ಚಂದದ ಉಪಾಯವಿದೆ. ತೊಟ್ಟಿಗೆ ನೀರನ್ನೇ ತುಂಬಬೇಡಿ! ಮಣ್ಣು ಒದ್ದೆ ಮಾಡಿ, ಮಾಂಟೆ ಕಾರ್ಲೊ ಅನ್ನುವ ಕಾರ್ಪೆಟ್ ಗಿಡವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಚಿಮಟದಲ್ಲಿ ಹಿಡಿದು ಒಂದೆರಡು ಸೆಂಟಿಮೀಟರ್ ಅಂತರದಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಆಗಾಗ ನೀರು ಚಿಮುಕಿಸುತ್ತಾ ಹೋಗಿ. ಬೇಕಾದ ಇಂಗಾಲ ಗಾಳಿಯಿಂದಲೇ ಪುಕ್ಕಟೆ ಸಿಗುತ್ತದೆ. ದಿನಕ್ಕೊಮ್ಮೆ ಹಾಳೆ ಸರಿಸಿ ಗಾಳಿಯಾಡಲು ಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಐದಾರು ವಾರಕ್ಕೆ ಹಬ್ಬುತ್ತದೆ, ಆಮೇಲೆ ನೀರು ತುಂಬಿ. ನೀರಿಗೆ ಒಗ್ಗುವ ಹೊತ್ತಿಗೆ ಹಳೆ ಎಲೆ ಕೆಲವು ಕೊಳೆಯುತ್ತವೆ, ಗಾಬರಿ ಬೇಡ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಮಾರ್ಸಿಲಿಯ ಇದೆ. ನಮ್ಮ ಗದ್ದೆ ಬದುವಿನ ತೇವದಲ್ಲಿ ನಾಲ್ಕು ಎಲೆ ಬಿಡಿಸಿಕೊಂಡು ನಿಂತಿರುತ್ತದಲ್ಲ, ಆ ಗುಂಪಿನದೇ. ಹೂ ಬಿಡುವ ಗಿಡವಲ್ಲ, ಜರಿಗಿಡ. ನಿಧಾನಕ್ಕೆ ಬೆಳೆಯುತ್ತದೆ, ಆದರೆ ಕಮ್ಮಿ ಬೆಳಕಿಗೂ ಹೊಂದಿಕೊಳ್ಳುತ್ತದೆ.

ಈಗ ಮೀನು. ‘ಆಲ್ಗೀ ಈಟರ್’, ಅಂದರೆ ಪಾಚಿ ತಿನ್ನುವ ಮೀನು, ಅಂತ ಒಂದೇ ಹೆಸರಲ್ಲಿ ಬೇರೆ ಬೇರೆ ಮೀನು ಮಾರುತ್ತಾರೆ, ಮೋಸ ಹೋಗುವುದು ಇಲ್ಲೇ. ಸಯಾಮೀಸ್ ಆಲ್ಗೀ ಈಟರ್ ಬೇಕಾದರೆ ಬದಿಯ ಕಪ್ಪು ಪಟ್ಟೆ ನೋಡಿ. ಅದು ಮೂತಿಯಿಂದ ಹೊರಟು ಬಾಲದ ರೆಕ್ಕೆಯ ತುದಿವರೆಗೂ ಹೋಗಿರಬೇಕು, ಉಳಿದ ರೆಕ್ಕೆಗಳಲ್ಲಿ ಬಣ್ಣ ಇರಬಾರದು. ಕಪ್ಪು ಗಡ್ಡದಂಥ ಪಾಚಿಯನ್ನು ತಿನ್ನುವ ಕೆಲವೇ ಮೀನುಗಳಲ್ಲಿ ಇದೊಂದು. ಚೈನೀಸ್ ಆಲ್ಗೀ ಈಟರ್ ಅನ್ನುವುದು ಬೇರೆಯೇ ಜಾತಿ. ಬಾಯಿ ಗಾಜಿಗೆ ಅಂಟಿರುವಾಗ ಉಸಿರಾಡಲು ಅದರ ಕಿವಿರಿನ ಮೇಲ್ಭಾಗದಲ್ಲಿ ಇನ್ನೊಂದು ತೂತಿದೆ, ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಎಂಥಾ ಏರ್ಪಾಟು ನೋಡಿ! ಆದರೂ ಮನೆಗೆ ತರಬೇಡಿ. ದೊಡ್ಡದಾದಂತೆ ಪಾಚಿ ಬಿಟ್ಟು ಬೇರೆ ಮೀನುಗಳ ಮೈಗೆ ಅಂಟಿ ಲೋಳೆ ಹೀರುತ್ತದೆ.

ಚಿಕ್ಕ ತೊಟ್ಟಿಗೆ ಓಟೊಸಿಂಕ್ಲಸ್ ಅನ್ನುವ ಪಾಚಿ ತಿನ್ನುವ ಮೀನು ಒಳ್ಳೆಯದು. ನಾಲ್ಕೇ ಸೆಂಟಿಮೀಟರ್, ಎಳೆ ಗಿಡವನ್ನು ಕೀಳುವುದಿಲ್ಲ. ಆದರೆ ಹೆಚ್ಚಿನವು ನದಿಯಿಂದ ಹಿಡಿದು ತಂದವು, ದಾರಿಯಲ್ಲೇ ಹಸಿದು ಬಂದಿರುತ್ತವೆ. ಕೊಳ್ಳುವಾಗ ಹೊಟ್ಟೆ ನೋಡಿ: ಒಳಗೆ ಹೋಗಿದ್ದರೆ ಬೇಡ, ಉಬ್ಬಿರಬೇಕು. ಥಳಥಳ ಹೊಳೆಯುವ ಹೊಸ ತೊಟ್ಟಿಗೆ ಬಿಟ್ಟರೆ ಉಪವಾಸ ಬೀಳುತ್ತವೆ. ಪಾಚಿ ಮುಗಿದ ಮೇಲೂ ಬೇಯಿಸಿದ ಪಾಲಕ್ ಎಲೆಯೋ ಸೌತೆಕಾಯಿ ಹೋಳೋ ಹಾಕುತ್ತಿರಬೇಕು.

ಇನ್ನು ನೀಲಿಹಸಿರು ಲೋಳೆ ಕಟ್ಟಿದ್ದರೆ ಮೀನು ಹುಡುಕುತ್ತಾ ಅಂಗಡಿ ಅಲೆಯಬೇಡಿ. ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯ. ಅದನ್ನು ಮೇಲೆ ಹೇಳಿದ ಯಾವ ಮೀನೂ ಮೂಸುವುದಿಲ್ಲ. ಪೈಪ್‌ನಲ್ಲಿ ಹೀರಿ ತೆಗೆದು, ನೀರು ಬದಲಿಸಿ, ಮೂರ್ನಾಲ್ಕು ದಿನ ಲೈಟ್ ಆರಿಸಿ ತೊಟ್ಟಿಗೆ ಬಟ್ಟೆ ಮುಚ್ಚಿ.