ಕರುಳು ಸುಮ್ನಿದ್ದಾಗ ಔಷಧದ ಲೆವೆಲ್ ಏಕೆ ಏರುಪೇರಾಗುತ್ತದೆ?

ಅಂಗ ಕಸಿಯಾದವರ ಮನೆಯಲ್ಲಿ ‘ಲೆವೆಲ್ ಎಷ್ಟು ಬಂತು?’ ಎನ್ನುವುದು ದಿನನಿತ್ಯದ ಮಾತು. ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಟ್ಟು, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಎಂಬ ಔಷಧ ಎಷ್ಟಿದೆ ಎಂದು ನೋಡುತ್ತಾರೆ. ಸಾಮಾನ್ಯವಾಗಿ ಮಿಲಿಲೀಟರಿಗೆ 5ರಿಂದ 15 ನ್ಯಾನೊಗ್ರಾಂ ಇದ್ದರೆ ಸರಿ. ಕಮ್ಮಿಯಾದರೆ ದೇಹ ಹೊಸ ಅಂಗದ ಮೇಲೆಯೇ ತಿರುಗಿಬೀಳುತ್ತದೆ. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು, ಕೈನಡುಕ, ಸೋಂಕಿನ ಭಯ.

ಇಂಥವರಲ್ಲಿ ಕೆಲವರಿಗೆ ಬಾಯಿಂದ ಊಟ ಸೇರದ ದಿನಗಳೂ ಬರುತ್ತವೆ. ಆಗ ಗ್ಲೂಕೋಸ್, ಅಮೈನೊ ಆಮ್ಲ, ಕೊಬ್ಬು, ಲವಣ ಎಲ್ಲವನ್ನೂ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಮೂಲಕ ಕೊಡುತ್ತಾರೆ. ಇದೇ ಟಿಪಿಎನ್. ಜೀವ ಉಳಿಸುವ ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತ್ರೆಯ ಹಳೆಯ ಡೋಸ್ ಹಾಗೇ ಮುಂದುವರಿದರೆ ಲೆವೆಲ್ ಹಾಗೇ ಇರುತ್ತದೆ ಎಂದು ನಂಬುವಂತಿಲ್ಲ.

ಕಾರಣ ಕರುಳಿನ ಗೋಡೆಯಲ್ಲಿದೆ. ಅಲ್ಲಿ ಸಿವೈಪಿ3ಎ4 ಎಂಬ ಕಿಣ್ವವಿದೆ. ಟ್ಯಾಕ್ರೊಲಿಮಸ್ ರಕ್ತ ಸೇರುವ ಮೊದಲೇ ಅದು ಒಂದಷ್ಟನ್ನು ಒಡೆದುಹಾಕುತ್ತದೆ. ಹೀಗಾಗಿ ನುಂಗಿದ್ದರಲ್ಲಿ ಸರಾಸರಿ ಕಾಲು ಭಾಗ ಮಾತ್ರ ರಕ್ತಕ್ಕೆ ತಲುಪುತ್ತದೆ. ಚಕ್ಕೋತ ತಿನ್ನಬೇಡಿ ಎಂದು ವೈದ್ಯರು ಹೇಳುವುದೂ ಇದಕ್ಕೇ. ಆ ಹಣ್ಣು ಈ ಕಿಣ್ವವನ್ನು ಕಟ್ಟಿಹಾಕಿ ಲೆವೆಲ್ ಏರಿಸಬಲ್ಲದು. ಜೋರಾಗಿ ಭೇದಿಯಾದಾಗಲೂ ಲೆವೆಲ್ ಏರುವುದುಂಟು. ಕರುಳಿನ ಒಳಪದರದ ಜೊತೆ ಕಿಣ್ವವೂ ಹೋಗಿರುತ್ತದೆ ನೋಡಿ.

ವಾರಗಟ್ಟಲೆ ಅನ್ನ ಕಾಣದ ಕರುಳಿನ ಒಳಪದರವೂ ತೆಳ್ಳಗಾಗುತ್ತದೆ. ಕಿಣ್ವ ಕಮ್ಮಿಯಾದರೆ ಔಷಧ ಜಾಸ್ತಿ ಒಳಸೇರಬಹುದು. ಹೀರಿಕೊಳ್ಳುವ ಜಾಗವೇ ಕುಗ್ಗಿದರೆ ಕಮ್ಮಿಯೂ ಆಗಬಹುದು. ಯಾರಿಗೆ ಯಾವ ಕಡೆ ವಾಲುತ್ತದೆ ಎಂದು ಮೊದಲೇ ಹೇಳಲಾಗದು, ಹಾಗಾಗಿ ಪದೇಪದೇ ಅಳೆಯಲೇಬೇಕು. ಮತ್ತೆ ಊಟ ಶುರುವಾದಾಗಲೂ ಅಷ್ಟೇ. ಮನೆಯವರು ಸಂತೋಷದಲ್ಲಿ ಮೈಮರೆಯುವ ಹೊತ್ತು ಅದು, ಆದರೆ ಡೋಸ್ ಮತ್ತೊಮ್ಮೆ ನೋಡಬೇಕಾದ ಹೊತ್ತೂ ಅದೇ.

ಅಸ್ಥಿಮಜ್ಜೆ ಕಸಿಯಾದವರ ಕಥೆ ಇನ್ನೊಂದು ಬಗೆ. ಬಾಯಿ, ಗಂಟಲೆಲ್ಲ ಹುಣ್ಣಾಗಿ ಅವರಿಗೆ ಗುಟುಕು ನೀರೂ ಕಷ್ಟ. ಆಹಾರದಂತೆ, ಟ್ಯಾಕ್ರೊಲಿಮಸ್‌ನಂಥದೇ ಇನ್ನೊಂದು ಔಷಧವಾದ ಸೈಕ್ಲೋಸ್ಪೊರಿನ್ ಕೂಡ ಡ್ರಿಪ್ಪಿನಲ್ಲೇ ಹೋಗುತ್ತದೆ. ಕರುಳಿನ ಕಾಟ ತಪ್ಪಿತು, ಅಲ್ವಾ? ತಪ್ಪಿತು, ಆದರೆ ಈ ಔಷಧ ಕೊಬ್ಬಿನ ಗೆಳೆಯ. ರಕ್ತದಲ್ಲಿ ಕೊಬ್ಬು ಹೊತ್ತೊಯ್ಯುವ ಕಣಗಳಿಗೆ ಅಂಟಿಕೊಂಡೇ ಓಡಾಡುತ್ತದೆ. ರಕ್ತದ ಕೊಬ್ಬು ತುಂಬಾ ಏರಿದರೆ, ಬಿಡಿಯಾಗಿ ಕೆಲಸ ಮಾಡುವ ಪಾಲು ಬದಲಾಗಬಹುದು. ಲ್ಯಾಬಿನ ವರದಿ ಅಂಟಿದ್ದು, ಬಿಡಿಯಾದದ್ದು ಎಂದು ಬೇರೆ ಮಾಡಿ ತೋರಿಸುವುದಿಲ್ಲ. ಅದಕ್ಕೇ ಟಿಪಿಎನ್ ನಡೆಯುವಾಗ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನೂ ನೋಡುತ್ತಿರುತ್ತಾರೆ.

ಟಿಪಿಎನ್ ಚೀಲದೊಳಗಿನ ಲೆಕ್ಕವೂ ಬದಲಾಗುತ್ತದೆ. ಈ ಎರಡೂ ಔಷಧಗಳು ಮೆಗ್ನೀಸಿಯಂ ಇಳಿಸಿ, ಪೊಟ್ಯಾಸಿಯಂ ಏರಿಸಬಲ್ಲವು. ಸಕ್ಕರೆಯನ್ನೂ ಏರಿಸುತ್ತವೆ. ಟಿಪಿಎನ್‌ನ ಗ್ಲೂಕೋಸ್ ಸೇರಿದರೆ ಇನ್ಸುಲಿನ್ ಬೇಕಾಗಬಹುದು.

ಕೊನೆಗೆ, ರಕ್ತ ಎಲ್ಲಿಂದ ತೆಗೆದರು ಎಂಬುದೂ ಮುಖ್ಯ. ಸೈಕ್ಲೋಸ್ಪೊರಿನ್ ಲೈನಿನ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಲೈನಿನಲ್ಲಿ ಔಷಧ ಹೋದ ಕವಲಿನಿಂದಲೇ ರಕ್ತ ಎಳೆದರೆ, ಅಂಟಿದ್ದು ಬಿಟ್ಟುಕೊಂಡು ಲೆವೆಲ್ ಸುಳ್ಳುಸುಳ್ಳೇ ಜಾಸ್ತಿ ಬರುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ಕಸಿಗೇ ಅಪಾಯ. ಆದ್ದರಿಂದ ಇನ್ನೊಂದು ಕವಲಿನಿಂದ, ಇಲ್ಲವೇ ಕೈಯ ನರಕ್ಕೆ ಸೂಜಿ ಚುಚ್ಚಿ ತೆಗೆಯುತ್ತಾರೆ. ‘ಲೈನ್ ಇದ್ದರೂ ಮತ್ತೇಕೆ ಚುಚ್ಚುತ್ತೀರಿ?’ ಎಂದು ರೋಗಿ ನೊಂದು ಕೇಳಿದರೆ, ಈ ಕಾರಣವನ್ನು ತಾಳ್ಮೆಯಿಂದ ಹೇಳಬೇಕು.